ಮಕ್ಕಳ ಕೈ, ಹುಳದ ಕೈ

ಹುಳಕ್ಕೆ ನಾವು ಮೊದಲು ಬಿಟ್ಟುಕೊಟ್ಟಿದ್ದು ನಡುಮನೆ. ಆಮೇಲೆ ಕೋಣೆ. ಆಮೇಲೆ ದೇವರನ್ನೂ ಮೂಲೆಯಿಂದ ಎಬ್ಬಿಸಿ ಅಡುಗೆಮನೆಯ ಗೂಡಿಗೆ ತಂದಿಟ್ಟೆವು. ಕೊನೆಗೆ ನಾನು ಜಗಲಿಗೆ ಬಂದೆ. ದೊಡ್ಡಮಳೂರಿನ ಪಕ್ಕದ ನಮ್ಮೂರಿನಲ್ಲಿ ಆಗ ಎಲ್ಲರ ಮನೆಯೂ ಹೀಗೇ. ರೇಷ್ಮೆಗೆ ಒಳ್ಳೆ ಬೆಲೆ ಬಂದ ವರ್ಷಗಳು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಹಿಪ್ಪುನೇರಳೆ ಎದ್ದಿತು. ಒಳಗೆ ಹುಳದ ತಟ್ಟೆಗಳು ಸೂರಿನವರೆಗೆ ಏರಿದವು, ಮನುಷ್ಯರು ಗೋಡೆಯ ಹೊರಗೆ ಮಲಗಿದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಹಂಚು, ಗಡಿಯಾರ, ಮೊಪೆಡ್ಡು, ಮಗಳ ಮದುವೆ, ಎಲ್ಲ ಆ ಹುಳದ ಹೊಟ್ಟೆಯಿಂದಲೇ ಬಂದದ್ದು.

ಗಂಡ ಸತ್ತ ಮೇಲೆ ಮನೆಯಲ್ಲಿ ನಾನು, ಮಗ, ಸೊಸೆ. ಹುಳದ ಮನೆಯಲ್ಲಿ ಚಾಕಿ ಕೆಲಸ ನನ್ನದು. ಚಾಕಿ ಅಂದರೆ ಮರಿಹುಳ ಸಾಕುವ ಮೊದಲ ಎಂಟು ದಿನ. ಮೊಟ್ಟೆಯೊಡೆದು ಬಂದ ಹುಳ ಇರುವೆಗಿಂತ ಸಣ್ಣದು, ಕರ್ರಗಿರುತ್ತದೆ. ಕೋಳಿ ಪುಕ್ಕದಲ್ಲಿ ಗುಡಿಸಿ ತಟ್ಟೆಗೆ ಬಿಡಬೇಕು. ಎಳೆ ಸೊಪ್ಪನ್ನು ಸಾಸಿವೆ ಗಾತ್ರಕ್ಕೆ ಹೆಚ್ಚಿ ಉದುರಿಸಬೇಕು. ಕೈ ಒರಟಾದರೆ ಸಾಯುತ್ತವೆ, ಅವಸರ ಮಾಡಿದರೂ ಸಾಯುತ್ತವೆ. ಹೊಗೆಸೊಪ್ಪಿನ ವಾಸನೆ ಹುಳಕ್ಕೆ ಆಗದು ಅಂತ ಇಪ್ಪತ್ತು ವರ್ಷದ ಕಡ್ಡಿಪುಡಿಯನ್ನು ಒಂದೇ ದಿನ ಬಿಟ್ಟವಳು ನಾನು. ಚಾಕಿ ನಡೆಯುವಾಗ ತಲೆಗೆ ಎಣ್ಣೆಯನ್ನೂ ಹಾಕುತ್ತಿರಲಿಲ್ಲ. ಎಂಟು ದಿನ ಆ ಮಬ್ಬು ಕೋಣೆಯಲ್ಲಿ ನಾನೊಬ್ಬಳೇ. ಯಾರೂ ಮಾತಾಡಿಸುವುದಿಲ್ಲ, ಯಾರೂ ಕರೆಯುವುದಿಲ್ಲ. ನನಗೆ ಅದು ಇಷ್ಟವಾಗಿತ್ತು. ಹುಳ ಅಳುವುದಿಲ್ಲ.

ಮೊದಲನೇ ಮೊಮ್ಮಗಳು ಹುಟ್ಟಿದ ವರ್ಷ ಒಂದು ಬೆಳೆ ಕೆಟ್ಟಿತು. ಗೂಡು ಕಟ್ಟಲು ನಾಲ್ಕು ದಿನವಿದ್ದಾಗ ಹುಳವೆಲ್ಲ ಸಪ್ಪೆಯಾಗಿ, ಮೆತ್ತಗಾಗಿ, ತಟ್ಟೆಯ ಅಂಚಿನಿಂದ ಜೋತುಬಿದ್ದವು. ಮಗ ಬಾಗಿಲಲ್ಲಿ ನಿಂತು ನನ್ನ ಕೈ ನೋಡಿದ.

"ಅವ್ವ, ಮಗೀಗೆ ಪೌಡ್ರು ಬಳ್ದು ಅದೇ ಕೈಲಿ ಸೊಪ್ಪಾಕಿದ್ಯಾ?"

"ಮಳೇಲಿ ನೆಂದ ಸೊಪ್ಪು ತಂದೋನು ನೀನು ಕಣ್ಲಾ. ಆರಿಸ್ದೆ ಹಾಕ್ದೋಳು ನಿನ್ನೆಂಡ್ತಿ."

"ಸೊಪ್ಪು ನೆಂದಿದ್ದು ಒಸಿ. ಪೌಡ್ರು ವಾಸ್ನೆ ನೋಡು, ಮನೆಲೆಲ್ಲಾ ಐತೆ. ಮಕ್ಳ ಎತ್ತೋ ಕೈ ಹುಳಕ್ಕಾಗಕಿಲ್ಲ ಬುಡು. ನೀನು ಮಗಾನೇ ನೋಡ್ಕೊ."

ನೆಂದ ಸೊಪ್ಪು ಅಂತ ಅವನಿಗೂ ಗೊತ್ತಿತ್ತು. ಆದರೆ ಹೆಂಡತಿಯನ್ನು ಬೈದರೆ ಅವಳ ತವರಿನವರು ಬರುತ್ತಾರೆ, ನನ್ನನ್ನು ಬೈದರೆ ಬರುವವರಿಲ್ಲ. ಅರಳಿಕಟ್ಟೆಯಲ್ಲೂ ಅದನ್ನೇ ಹೇಳಿದ. ನಮ್ಮವ್ವಂದು ಮಕ್ಕಳ ಕೈ, ಅದಕ್ಕೇ ಬೆಳೆ ಹೋಯಿತು ಅಂದ. ಊರು ನಂಬಿತು. ಬೆಳೆ ಕೆಟ್ಟವರಿಗೆಲ್ಲ ಒಂದು ಕಾರಣ ಬೇಕಿತ್ತು. ಆಮೇಲೆ ನಮ್ಮೂರಲ್ಲಿ ಅದೇ ಕಾನೂನಾಯಿತು. ಮಗು ಎತ್ತಿದವರು ಹುಳ ಮುಟ್ಟಬಾರದು, ಹುಳ ಮುಟ್ಟುವವರು ಮಗು ಎತ್ತಬಾರದು. ಹೆತ್ತ ತಾಯಿಗೆ ಮಾತ್ರ ರಿಯಾಯಿತಿ, ಕೈ ತೊಳೆದುಕೊಂಡರೆ ಸಾಕು.

ಅಲ್ಲಿಂದ ಆರು ವರ್ಷ ನಾನು ಜಗಲಿಯಲ್ಲಿದ್ದೆ. ತೊಲೆಯಿಂದ ತೊಟ್ಟಿಲು ಇಳಿಬಿಟ್ಟು ಅದರ ಹಗ್ಗವನ್ನು ನನ್ನ ಕಾಲ ಹೆಬ್ಬೆರಳಿಗೆ ಕಟ್ಟಿಕೊಳ್ಳುತ್ತಿದ್ದೆ. ಕಾಲು ತೂಗುತ್ತಿದ್ದರೆ ಕೈಗೆ ಬಿಡುವಾಗುತ್ತದೆ, ಆ ಕೈಯಲ್ಲಿ ಅವರೆಕಾಯಿ ಸುಲಿಯಬಹುದು, ಇನ್ನೊಂದು ಮಗುವಿಗೆ ಉಣ್ಣಿಸಬಹುದು. ಹಗ್ಗ ಬಿಚ್ಚುವುದನ್ನು ಮರೆತು ಎದ್ದು ಎರಡು ಸಲ ಬಿದ್ದಿದ್ದೇನೆ. ಮಗನಿಗೆ ಎರಡು ಮಕ್ಕಳಾದವು. ಸಾತನೂರಿನ ಕಡೆ ಕೊಟ್ಟಿದ್ದ ಮಗಳಿಗೂ ಎರಡಾದವು. ಅವರ ಮನೆಯಲ್ಲೂ ಹುಳ.

ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಕೂತು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅದಕ್ಕೆ ರಾಕ್ಷಸ ಹಸಿವು. ಅಲ್ಲಿಂದ ಗೂಡು ಬಿಡಿಸುವವರೆಗೆ ಹದಿಮೂರು ದಿನ ಮನೆಯವರಿಗೆಲ್ಲ ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಕಸ ತೆಗೆಯುವುದು. ಆ ಹದಿಮೂರು ದಿನ ಮಕ್ಕಳು ಕಾಲಿಗೆ ತೊಡರಬಾರದು. ಮಗಳು ಎರಡು ದಿನ ಮುಂಚೆಯೇ ಬಸ್ಸಿನಲ್ಲಿ ಬಂದು ಇಬ್ಬರನ್ನೂ ಜಗಲಿ ಮೇಲೆ ಇಳಿಸುವಳು. ಒಂದು ಲೋಟ ಕಾಫಿ ಕುಡಿದು ಅದೇ ಬಸ್ಸು ಚನ್ನಪಟ್ಟಣಕ್ಕೆ ತಿರುಗುವಷ್ಟರಲ್ಲಿ ಎದ್ದುಬಿಡುವಳು.

"ಬತ್ತೀನವ್ವ. ಇದುಕ್ಕೆ ಕೆಮ್ಮೈತೆ, ಒಸಿ ತುಳಸಿ ರಸ ಕೊಡು."

ಬರುವುದು ನಾಲ್ಕು ದಿನ ತಡವಾಗಿ.

ನಾನು ಓದಿದ್ದು ಎರಡನೇ ಕ್ಲಾಸು. ಅಂಕಿ ಬರುತ್ತದೆ, ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಒಂದು ದಿನ ಮಗುವಿಗೆ ತೋರಿಸುತ್ತ ಗೋಡೆಯ ಕ್ಯಾಲೆಂಡರ್ ನೋಡಿದೆ. ನೀಲಿ ಶಾಯಿಯಲ್ಲಿ ಅಲ್ಲಲ್ಲಿ ಸುತ್ತು ಹಾಕಿ 'ಮೊಟ್ಟೆ' ಅಂತ ಬರೆದಿತ್ತು. ನಮ್ಮ ಮನೆಗೆ ಮೊಟ್ಟೆ ತರುವ ದಿನ. ಕೆಂಪು ಶಾಯಿಯ ಸುತ್ತುಗಳೂ ಇದ್ದವು. ಅದರ ಪಕ್ಕ 'ಸಾತನೂರು' ಅಂತಿತ್ತು. ಬೆರಳಿಟ್ಟು ಎಣಿಸಿದೆ. ನೀಲಿಗೂ ಕೆಂಪಿಗೂ ಹದಿನೈದು ದಿನ. ಕೆಂಪಿಗೂ ಮುಂದಿನ ನೀಲಿಗೂ ಹದಿನೈದು ದಿನ. ತಿಂಗಳು ತಿರುವಿದೆ. ಅಲ್ಲೂ ಹಾಗೇ. ನಾವು ಗೂಡು ಬಿಡಿಸಿ ಎರಡು ದಿನಕ್ಕೆ ಅವರ ಹುಳ ಜ್ವರದಿಂದ ಏಳುತ್ತದೆ. ಅವರು ಬಿಡಿಸಿ ಎರಡು ದಿನಕ್ಕೆ ನಮ್ಮದು ಏಳುತ್ತದೆ. ಮಗಳು ಬೇಗ ಬಿಟ್ಟು ತಡವಾಗಿ ಒಯ್ಯುವುದನ್ನೂ ಸೇರಿಸಿದರೆ ನನಗೆ ಒಂದು ದಿನವೂ ಉಳಿಯುತ್ತಿರಲಿಲ್ಲ.

ಸೊಪ್ಪಿನ ಹೊರೆ ಇಳಿಸುತ್ತಿದ್ದ ಮಗನನ್ನು ಕರೆದೆ. "ಸಾತನೂರ್ದು ನಮ್ಮ ಗೋಡೆ ಮೇಲ್ಯಾಕ್ಲಾ?"

ಅವನು ಮುಖ ಒರೆಸಿಕೊಂಡು ನಕ್ಕ. "ಎಲ್ಡು ಮನೆ ಹುಳಾನೂ ಒಟ್ಗೆ ಬಂದ್ರೆ ನಾಕು ಮಕ್ಳೂ ಒಂದೇ ಸಲ ನಿನ್ನ ತಲೆ ಮೇಲೆ ಕೂತ್ಕತವೆ. ಅದ್ಕೇ ಭಾವಂಗೆ ಯೋಳಿ ಹಿಂದೆ ಮುಂದೆ ಮಾಡ್ಸಿವ್ನಿ. ಎಲ್ಲಾ ನಿನ್ನ ಅನ್ಕೂಲಕ್ಕೇ ಕಣವ್ವ."

ಅವನು ಸುಳ್ಳು ಹೇಳಲಿಲ್ಲ. ಒಳ್ಳೆಯದು ಮಾಡಿದ್ದೇನೆ ಅಂತಲೇ ಅಂದುಕೊಂಡಿದ್ದ.

"ನಡ್ವೆ ಒಂದಿನ ಬುಟ್ಟಿದ್ದೀಯಾ ನಂಗೆ?"

"ಯಾಕೆ? ಎಲ್ಲೋಗ್ಬೇಕಿತ್ತು?"

ಎಲ್ಲಿಗೂ ಹೋಗಬೇಕಿರಲಿಲ್ಲ. ಹೋಗಲು ಒಂದು ಊರಿದ್ದಿದ್ದರೆ, ಒಂದು ದೇವರ ಹರಕೆಯಾದರೂ ಇದ್ದಿದ್ದರೆ, ಹೇಳುವುದು ಸುಲಭವಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಯಾರ ಮೂಗನ್ನೂ ಒರೆಸದೆ ಒಂದು ಹೊತ್ತು ಕೂರುವುದು, ಮತ್ತೆ ಚಾಕಿ ತಟ್ಟೆಯ ಮೇಲೆ ಬಗ್ಗುವುದು. ಇದನ್ನು ಹೇಳಿದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ.

ಆದರೂ ಹೇಳಿದೆ. ಮಗಳು ಹಬ್ಬಕ್ಕೆ ಬಂದಿದ್ದಾಗ, ಎಲ್ಲರೂ ಉಂಡು ಎಲೆಯಡಿಕೆ ಹಾಕುತ್ತಿದ್ದಾಗ ಹೇಳಿದೆ. "ಇನ್ಮೇಲೆ ಯೋಳದೆ ಕೇಳದೆ ಮಕ್ಳ ಬುಟ್ಟೋಗಂಗಿಲ್ಲ. ಮುಂಚೆ ಕೇಳ್ಬೇಕು. ನಂಗಾದ್ರೆ ಆಯ್ತದೆ ಅಂತೀನಿ, ಆಗ್ದಿದ್ರೆ ಇಲ್ಲ."

ಮಗಳು ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. "ಅಯ್ಯೋ ಶಿವ್ನೆ! ನಮ್ಮವ್ವನ ಮನೆಗೆ ಬರಾಕೆ ಟಿಕೀಟು ತಗೋಬೇಕಂತೆ ಕೇಳಣ್ಣ."

"ಸೀಟು ಇದ್ರೆ ಬುಡ್ತೀನಿ ಅಂತಾವ್ಳೆ," ಅಂದ ಮಗ. ಸೊಸೆಯೂ ನಕ್ಕಳು.

"ನಗಾಡ್ಬೇಡಿ. ನಂಗೆ ಸಾಕಾಗೈತೆ."

ಆಗ ಮಗಳ ನಗು ನಿಂತಿತು. "ಸಾಕಾಗಾಕೆ ನಾವೇನು ಬಂಡೆ ಒಡ್ಸಿದ್ವಾ? ಎಲ್ಲಾ ಅಜ್ಜೀರೂ ಮೊಮ್ಮಕ್ಳಿಗೆ ಹರಕೆ ಕಟ್ಕತಾರೆ. ನಿಂಗೆ ಬಂದಿದ್ದೇ ಹೆಚ್ಚಾಗೋಯ್ತಾ?"

"ನಾನೇನು ಹರಕೆ ಕಟ್ಟಿರ್ನಿಲ್ಲ."

"ನಮ್ಮನ್ನ ಸಾಕ್ಲಿಲ್ವಾ ನೀನು?"

"ಸಾಕ್ದೆ. ಅಲ್ಲಿಗೆ ಮುಗೀತು ಅನ್ಕಂಡಿದ್ದೆ."

ಸೊಸೆ ಎದ್ದು ಪಾತ್ರೆ ಎತ್ತಿದಳು. ಐದು ವರ್ಷದ ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಹದಿನೈದನೇ ದಿನಕ್ಕೆ ಸರಿಯಾಗಿ ಮಗಳು ಬಸ್ಸಿಳಿದು, ಏನೂ ಆಗಿಲ್ಲವೆಂಬಂತೆ ಇಬ್ಬರನ್ನೂ ಜಗಲಿಗೆ ಇಳಿಸಿ ಹೋದಳು. ನನ್ನ ಮಾತನ್ನು ಅವರು ಮುದುಕಿಯ ಹೊಟ್ಟೆನೋವಿನ ಹಾಗೆ ತೆಗೆದುಕೊಂಡಿದ್ದರು. ಬರುತ್ತದೆ, ಹೋಗುತ್ತದೆ.

ಎದುರು ಮನೆಯವಳು ನನ್ನ ಓರಗೆಯವಳು. ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು ನಾವು. ಬಾಯಿ ಜೋರು, ಲೆಕ್ಕದಲ್ಲಿ ಬಿಗಿ. ಅವಳ ಸೊಸೆ ಹೆರಿಗೆಗೆ ತವರಿಗೆ ಹೋದಳು, ಅದೇ ವಾರ ಅವರ ಮನೆಗೆ ಮೊಟ್ಟೆ ಬಂತು. ಚಾಕಿ ಮಾಡುವವರಿಲ್ಲ. ಬೀದಿಯ ಮಧ್ಯಕ್ಕೆ ಬಂದು ನನ್ನ ಕರೆದಳು.

"ನಿನ್ನ ಕೈ ನಂಗೊತ್ತು ಕಣಮ್ಮಿ, ಚಿನ್ನದಂತ ಕೈ. ಆದ್ರೆ ನಿನ್ಮಗ ಊರ್ಗೆಲ್ಲಾ ಸಾರವ್ನೆ, ಮಕ್ಕಳ ಕೈ ಅಂತ. ಅದ್ಕೇ ಒಂದು ಮಾತು. ಚಾಕಿ ಮುಗಿಯೋಗಂಟ ಮಕ್ಳ ಮುಟ್ಟಂಗಿಲ್ಲ. ಯಾರ್ದೂ. ಆಯ್ತದಾ?"

"ಇನ್ನೊಂದ್ಸಲ ಯೋಳು."

"ಯಾಕೆ, ಕಿವಿ ಕೇಳಾಕಿಲ್ವಾ?"

"ಕೇಳ್ತು. ಜೋರಾಗ್ಯೋಳು. ನಮ್ಮನೆ ಒಳೀಕ್ಕೂ ಕೇಳ್ಬೇಕು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡು, ಕೆರೆ ಏರಿಯಲ್ಲಿರುವವರಿಗೂ ಕೇಳುವಂತೆ ಕೂಗಿದಳು. "ಎಂಟ್ ದಿನ ಮಕ್ಳ ಮುಟ್ಟಂಗಿಲ್ಲಾ! ನನ್ನ ಬೆಳೆ ಹೋದ್ರೆ ಯಾರ್ನೂ ಬುಡಾಕಿಲ್ಲಾ!"

ನಾನು ಕಾಲಿನ ಹಗ್ಗ ಬಿಚ್ಚಿದೆ. ಸೀಗೆಕಾಯಿ ಹಾಕಿ ತಲೆ ತೊಳೆದುಕೊಂಡು, ಒಗೆದ ಸೀರೆ ಉಟ್ಟು ಎದುರು ಮನೆಗೆ ಹೋದೆ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಮಗ ತಲೆಯ ಮೇಲೆ ಹೊರೆ ಹೊತ್ತುಕೊಂಡೇ ನಿಂತುಬಿಟ್ಟ. ಕಾನೂನು ಅವನದೇ.

ಅವಳ ಮನೆಯ ತಟ್ಟೆಗಳ ಮೇಲೆ ಬಗ್ಗಿದಾಗ ಬೆನ್ನು ನೋವು ಬಂತು. ಆರು ವರ್ಷದಲ್ಲಿ ಕೈ ಮರೆತಿರುತ್ತದೆ ಅಂತ ಹೆದರಿದ್ದೆ. ಮರೆತಿರಲಿಲ್ಲ.

ನಾಲ್ಕನೇ ದಿನಕ್ಕೆ ಮಗಳು ಬಂದಳು. ಕಂಕುಳಲ್ಲಿ ಹತ್ತು ತಿಂಗಳ ಕೂಸು, ಕೈಯಲ್ಲಿ ಮೂರು ವರ್ಷದವಳು, ಹೆಗಲಲ್ಲಿ ಚೀಲ. ನಾನು ಊಟಕ್ಕೆಂದು ನಮ್ಮ ಜಗಲಿಗೆ ಬಂದಿದ್ದೆ. ಅವಳು ಕೂಸನ್ನು ನನ್ನ ಮಡಿಲಿಗೆ ಇಳಿಸಲು ಬಗ್ಗಿದಳು. ನಾನು ಎರಡೂ ಕೈ ಮೇಲೆತ್ತಿದೆ.

"ಮುಟ್ಟಂಗಿಲ್ಲ. ಚಾಕಿ ಕೈ."

"ಯಾರ್ದು ಚಾಕಿ? ನಾಡಿದ್ದು ನಮ್ದು ಜ್ವರ ಏಳ್ತದೆ. ನಾನೀಗ್ಲೇ ಬಸ್ಸಿಗೋಗ್ಬೇಕು."

"ಹೋಗು. ಮಕ್ಳ ಕರ್ಕಂಡೋಗು."

ಅವಳು ಕೂಸನ್ನು ಇನ್ನೂ ಹತ್ತಿರ ತಂದಳು. ನಾನು ಗೋಡೆಗೆ ಒರಗಿದೆ. ಎದುರು ಜಗಲಿಯಿಂದ ಓರಗೆಯವಳ ದನಿ ಬಂತು. "ಏ ಹೆಣ್ಣೇ! ಆ ಮಗ ಅವ್ಳ ಮಡ್ಲಿಗಾಕೀಯ! ನನ್ನ ಹುಳ ಕೆಟ್ರೆ ಸಾತನೂರ್ಗೇ ಬಂದು ನಿನ್ನ ಹಟ್ಟೀಲಿ ಕೂತ್ಕತೀನಿ, ಗೂಡು ಕಟ್ಟೋಗಂಟ!"

ಸೊಪ್ಪಿನ ಹೊರೆ ಹೊತ್ತವರು, ನೀರಿಗೆ ಹೋಗುತ್ತಿದ್ದವರು ನಿಂತು ನಕ್ಕರು. ಮಗಳ ಮುಖ ಕೆಂಪಾಯಿತು. ಅಣ್ಣನ ಕಡೆ ನೋಡಿದಳು. ಅವನು ಹೊರೆಯ ಹಗ್ಗ ಬಿಚ್ಚುವುದರಲ್ಲಿ ಮುಳುಗಿದ್ದ. ಅತ್ತಿಗೆಯನ್ನು ನೋಡಿದಳು. ಅವಳೂ ಹುಳದ ಕೈಯವಳೇ. ಮಗಳು ಕಾಫಿ ಕುಡಿಯಲಿಲ್ಲ. ಬಿಸಿಲಲ್ಲಿ ಬಸ್ಸಿಗೆ ಕಾದು ಇಬ್ಬರನ್ನೂ ಕರೆದುಕೊಂಡು ಹೋದಳು.

ಗೆದ್ದೆ ಅಂತ ಅಂದುಕೊಂಡೆ. ಒಂದು ದಿನ ಹಾಗೇ ಇತ್ತು.

ಮಾರನೆಯ ದಿನ ಜಗಲಿಯಲ್ಲಿ ಕೂತಿದ್ದೆ. ಮಗನ ಚಿಕ್ಕವನಿಗೆ ಆಗ ಒಂದೂವರೆ ವರ್ಷ. ನನ್ನ ಕಡೆಗೆ ಓಡಿ ಬರುತ್ತ ಮೆಟ್ಟಿಲ ಅಂಚಿನಲ್ಲಿ ಎಡವಿ ಕಲ್ಲಿಗೆ ಬಾಯಿ ಹೊಡೆದುಕೊಂಡ. ತುಟಿ ಒಡೆದು ರಕ್ತ ಬಂತು. ನನ್ನಿಂದ ಒಂದು ಮಾರು ದೂರ. ನಾನು ಅರ್ಧ ಎದ್ದೆ. ಕೈ ನೋಡಿಕೊಂಡೆ. ಎದುರು ಮನೆಯಲ್ಲಿ ಮೊದಲನೇ ಜ್ವರದಿಂದ ಆಗಷ್ಟೇ ಎದ್ದಿದ್ದ ಹುಳ ನೆನಪಾಯಿತು. ಆ ಕಾನೂನು ಸುಳ್ಳು ಅಂತ ಊರಿನಲ್ಲಿ ಸರಿಯಾಗಿ ಬಲ್ಲವಳು ನಾನೊಬ್ಬಳೇ. ಆದರೂ ಎತ್ತಲಿಲ್ಲ. ಈಗ ಎತ್ತಿದರೆ ನಾಳೆಯಿಂದ ಮತ್ತೆ ತೊಟ್ಟಿಲು ಅಂತ ಗೊತ್ತಿತ್ತು. ಸೊಸೆಯನ್ನು ಕೂಗಿದೆ. ಅವಳು ಹೊರಗೆ ಬರುವಷ್ಟರಲ್ಲಿ ಮಗು ಅತ್ತು ಅತ್ತು ಉಸಿರು ಕಟ್ಟಿ ನೀಲಿಯಾಗಿತ್ತು. ಅವಳು ಮಗುವನ್ನು ಬಾಚಿಕೊಂಡು ಬೆನ್ನು ತಟ್ಟಿದಳು. ಆಮೇಲೆ ನನ್ನನ್ನು ನೋಡಿದಳು.

"ಅತ್ತೆ, ನೀವು ಅಲ್ಲೇ ಇದ್ರಿ."

"ಇದ್ದೆ."

ಗಾಯ ದೊಡ್ಡದೇನಲ್ಲ, ವಾರದಲ್ಲಿ ಮಾಯಿತು. ಆದರೆ ಆ ಹುಡುಗ ಬಿದ್ದಾಗ ನನ್ನ ಕಡೆ ಓಡಿ ಬರುವುದನ್ನು ಬಿಟ್ಟ. ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ಎದುರು ಮನೆಯ ಬೆಳೆ ಚೆನ್ನಾಗಿ ಬಂತು. ಗೂಡು ಗಟ್ಟಿಯಾಗಿ, ಒಂದೇ ಅಳತೆಗೆ ಕಟ್ಟಿದ್ದವು. ಗೂಡು ಮಾರಿ ರಾಮನಗರದ ಮಾರ್ಕೆಟ್ಟಿನಿಂದ ಬಂದ ಎದುರು ಮನೆಯವಳು ಊರಿಗೆಲ್ಲ ನನ್ನ ಕೈ ಹೊಗಳಿದಳು. ಇನ್ನೂ ಎರಡು ಮನೆಯವರು ಕೇಳಿಕೊಂಡು ಬಂದರು. ಮಗನಿಗೆ ಅದು ಅವಮಾನ. ಅವ್ವ ಬೇರೆಯವರ ಮನೆಗೆ ಕೂಲಿಗೆ ಹೋಗುವುದು, ಅದೂ ತನ್ನ ಬೆಳೆಗಿಂತ ಒಳ್ಳೆ ಬೆಳೆಗೆ. ಜಗಲಿಯ ಕಂಬ ಕೆರೆಯುತ್ತ ನಿಂತ.

"ನಮ್ಮದೇ ಚಾಕಿ ಮಾಡು ಬಾರವ್ವ."

"ಚಾಕಿ ಎಂಟು ದಿನ ಮಕ್ಳ ನಂಗೆ ಕೊಡಂಗಿಲ್ಲ. ಮಿಕ್ಕಿದ್ದಿನ ನಿನ್ನ ಮಕ್ಳ ನೋಡ್ತೀನಿ, ದೀಪ ಹಚ್ಚೋಗಂಟ. ಆಮೇಕೆ ನಿಮ್ಮೋವು. ನಿನ್ನ ತಂಗಿ ಮಕ್ಳ ವಿಚಾರ ಅವ್ಳು ಕೇಳ್ಬೇಕು."

"ಮನೆ ಅಂದ್ಮೇಲೆ ಇಂಗೆಲ್ಲಾ ಕರಾರು ಮಾಡ್ತಾರಾ?"

"ಮಾಡಾಕಿಲ್ಲ. ನೀವು ಮಾಡ್ಸಿದ್ರಿ."

ಒಪ್ಪಿಕೊಂಡ. ಸೊಸೆಯೂ ಒಪ್ಪಿದಳು. ಅವಳು ಒಂದು ದಿನವೂ ಮಾತು ತಪ್ಪಲಿಲ್ಲ. ದೀಪ ಹಚ್ಚಿದ ಕೂಡಲೇ ಬಂದು, ನಿದ್ದೆ ಹೋಗಿದ್ದರೂ ಮಗುವನ್ನು ನನ್ನ ಪಕ್ಕದಿಂದ ಎತ್ತಿಕೊಂಡು ಹೋಗುತ್ತಿದ್ದಳು. ಒಂದು ಗಳಿಗೆ ಇರಲಿ ಬಿಡು ಅಂದರೂ ಬಿಡುತ್ತಿರಲಿಲ್ಲ. "ನೀವೇ ಯೋಳಿದ್ದು ಅತ್ತೆ" ಅನ್ನುತ್ತಿದ್ದಳು.

ಮಗಳು ಬರಲಿಲ್ಲ. ಗೌರಿ ಹಬ್ಬ ಬಂತು, ಬರಲಿಲ್ಲ. ಬಾಗಿನ ತೆಗೆದುಕೊಂಡು ಅಣ್ಣ ಹೋಗಿ ಬಂದ. ದೀಪಾವಳಿಗೂ ಇಲ್ಲ. ತನ್ನ ಅತ್ತೆಗೆ ಸೊಂಟನೋವು, ಇವಳೇ ಮಕ್ಕಳನ್ನು ಹುಳದ ಮನೆಯ ಬಾಗಿಲಿಗೆ ಅಡ್ಡ ಹಲಗೆ ಕಟ್ಟಿ ಕೂರಿಸುತ್ತಾಳೆ ಅಂತ ಸುದ್ದಿ ಬಂತು. ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ನಿಂತುಹೋಯಿತು. ಅವಳು ಬರುತ್ತಿದ್ದ ದಿನಗಳಲ್ಲಿ ಬಸ್ಸಿನ ಹಾರನ್ನು ಕೇಳಿದಾಗ ಮಾತ್ರ ನನ್ನ ಕಾಲು ತಾನೇ ಜಗಲಿಯ ಅಂಚಿಗೆ ಹೋಗುತ್ತಿತ್ತು. ಬರಬಾರದು ಅಂತಲೇ ನಿಲ್ಲುತ್ತಿದ್ದೆ, ಬಾರದಿದ್ದರೆ ಒಳಗೆ ಹೋಗಿ ಯಾರನ್ನಾದರೂ ಬೈಯುತ್ತಿದ್ದೆ.

ಒಂದೂವರೆ ವರ್ಷ ಕಳೆದು ಬಂದಳು. ಮಧ್ಯಾಹ್ನದ ಹೊತ್ತು. ಜೊತೆಗೆ ಚಿಕ್ಕವಳು ಒಬ್ಬಳೇ, ಎರಡು ತುಂಬಿ ಮೇಲಾಗಿತ್ತು. ದೊಡ್ಡವಳನ್ನು ಬಾಲವಾಡಿಗೆ ಹಾಕಿದ್ದಳಂತೆ. ಜಗಲಿ ಹತ್ತಲಿಲ್ಲ, ಕೆಳಗೆ ಮೆಟ್ಟಿಲ ಹತ್ತಿರವೇ ನಿಂತಳು. ಮಗುವನ್ನು ಸೊಂಟದಿಂದ ಇಳಿಸಲಿಲ್ಲ. ಬಡವಾಗಿದ್ದಳು.

"ಅವ್ವ, ಹುಳ ಹಣ್ಣಾಗ್ತಾವೆ. ಗೂಡಿಗೆ ಬುಡಾಕೆ ಆಳು ಸಿಕ್ಕಿಲ್ಲ. ಎಲ್ಡು ದಿನ ಇವ್ಳ ನೋಡ್ಕತೀಯಾ? ಆಗ್ದಿದ್ರೆ ಯೋಳು, ಕರ್ಕಂಡೋಯ್ತೀನಿ."

ನಾನು ಕೇಳಿದ್ದು ಇದನ್ನೇ. ಹಬ್ಬದ ದಿನ ಇಷ್ಟು ಮಾತಿಗಾಗಿಯೇ ನಗೆಪಾಟಲಾಗಿದ್ದು. ಅವಳು ಕೇಳದೆ ಬಿಟ್ಟು ಹೋಗುತ್ತಿದ್ದಾಗ ಬೈಯಬಹುದಿತ್ತು, ಬಸ್ಸಿನ ಹಿಂದೆ ಶಾಪ ಹಾಕಬಹುದಿತ್ತು, ಮಕ್ಕಳನ್ನು ನೋಡಿಕೊಳ್ಳಲೂಬಹುದಿತ್ತು. ಈಗ ಕೇಳಿಬಿಟ್ಟಳು. ಇನ್ನು ಅವಳ ತಪ್ಪು ಅಂತ ಏನೂ ಉಳಿಯಲಿಲ್ಲ. ಏನಾದರೂ ಅದು ನನ್ನದೇ.

ಅಂದು ನಮ್ಮ ಚಾಕಿಯ ಮೂರನೇ ದಿನ. ನನ್ನ ಬೆರಳಲ್ಲಿ ಸೊಪ್ಪಿನ ಹಾಲು ಅಂಟಿತ್ತು. ಒಳಗೆ ಸೊಸೆ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಇವತ್ತು ಮಗಳ ಕೂಸನ್ನು ಎತ್ತಿದರೆ, ಅವಳ ಮಗ ತುಟಿ ಒಡೆದುಕೊಂಡ ದಿನಕ್ಕೆ ನಾನು ಏನು ಹೇಳಲಿ?

"ಚಾಕಿ ನಡೀತೈತೆ ಕಣವ್ವ. ಮೂರನೇ ದಿನ."

"ಯಾವತ್ತು ಮುಗೀತದೆ?"

"ಇನ್ನೈದು ದಿನ."

"ಅಷ್ಟೊತ್ಗೆ ನಮ್ದು ಗೂಡು ಕಟ್ಟಿರ್ತವೆ."

"ಗೊತ್ತು."

ಅವಳು ತಲೆಯಾಡಿಸಿದಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿರುತ್ತಿತ್ತು. ಸೊಸೆ ಕಾಫಿ ತಂದು ಕೊಟ್ಟಳು. ನಿಂತುಕೊಂಡೇ ಕುಡಿದಳು, ಲೋಟದಲ್ಲಿ ಉಳಿದದ್ದನ್ನು ಮಗುವಿಗೆ ಕುಡಿಸಿದಳು. ಮಗು ನನ್ನನ್ನು ಹೊಸಬರನ್ನು ನೋಡುವಂತೆ ನೋಡಿತು. "ಬತ್ತೀನವ್ವ" ಅಂದಳು, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೊರಟಳು.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಚಾಕಿ ಕೋಣೆಗೆ ಇರುವುದು ಒಂದೇ ಕಿಟಕಿ, ಅದಕ್ಕೂ ಒದ್ದೆ ಗೋಣಿ ಕಟ್ಟಿರುತ್ತೇವೆ. ಬೀದಿ ಕಾಣುವುದಿಲ್ಲ. ಸೊಪ್ಪು ಹೆಚ್ಚಲು ಕೂತೆ. ಬಸ್ಸು ಬರಲು ಬಹಳ ಹೊತ್ತಾಯಿತು. ಎದ್ದು ಹೋಗಿ ಕರೆಯಲು ಅಷ್ಟೂ ಹೊತ್ತು ಸಮಯವಿತ್ತು. ಆಮೇಲೆ ಬಂದ ಸದ್ದಾಯಿತು, ನಿಂತ ಸದ್ದಾಯಿತು, ಹೋದ ಸದ್ದಾಯಿತು. ಹೆಚ್ಚಿದ ಸೊಪ್ಪು ಕೈಯಲ್ಲೇ ಬಾಡಿತ್ತು. ಅದನ್ನು ಹುಳಕ್ಕೆ ಹಾಕುವಂತಿಲ್ಲ. ಬಿಸಾಡಿ ಬೇರೆ ಹೆಚ್ಚಿದೆ.